ಸರ್ವರಿನಲ್ಲಿ ಸಿಕ್ಕಿಕೊಂಡ ಸಿಟ್ಟು

“ಸರ್ರ, ನಮ್ಮ ಮೇಲ್ ಸರ್ವರಿಗೆ ಗಂಟಲಾ ಕಟ್ಟೇತ್ರಿ. ಮನ್ಯಾಗ ಮಾತಾಡ್ತೈತಿ, ಹೊಸ್ತಿಲಾ ದಾಟಿ ಒಂದು ಶಬ್ದ ಹೊರಗ ಬರವಲ್ದು.”

ಕಳೆದ ಗುರುವಾರ ಬೆಳಿಗ್ಗೆ ಹೀಗೆ ಫೋನ್ ಮಾಡಿದವರು ಶಾರದಾ ಮೇಡಂ. ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ನಾನೂ ಅಲ್ಲೇ ಇದ್ದವನು. ಈಗ ನಿವೃತ್ತನಾಗಿ ಬಸವನಬಾಗೇವಾಡಿಯಲ್ಲಿದ್ದೇನೆ. (ಇಂಥ ಫೋನ್ ಬಂದಾಗ ಆಗುವ ಖುಷಿ ನಿವೃತ್ತರಿಗಷ್ಟೇ ಗೊತ್ತು.)

ವಿದ್ಯಾರ್ಥಿಗಳ ಇಂಟರ್ನಲ್ ಮಾರ್ಕ್ಸ್ ಅಂದು ಸಂಜೆಯೊಳಗೆ ಯೂನಿವರ್ಸಿಟಿ ಸೇರಬೇಕಿತ್ತು. ಅದೂ ಕಾಲೇಜಿನ ಮೇಲ್ ವಿಳಾಸದಿಂದಲೇ. ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ನಿಡಗುಂದಿಯಲ್ಲಿ ಬಸ್ ಬದಲಿಸಿ ಓಡಿದೆ.

ಆ ಸರ್ವರ್ ಕಂಡಾಗ ಎದೆ ತುಂಬಿತು. ಅದನ್ನು ಹೂಡಿದವರು ಮೇಡಂ ಮತ್ತು ನಾನು, ಇಬ್ಬರೇ. ಲ್ಯಾಬಿನ ಮೂಲೆಗೆ ಬಿದ್ದಿದ್ದ ಒಂದು ಸಿಪಿಯು ಒರೆಸಿ ಕಟ್ಟಿದ್ದೆವು. ಮೊದಲ ಮೇಲ್ ಮೇಡಂ ಟೇಬಲ್ಲಿನಿಂದ ಪಕ್ಕದ ನನ್ನ ಟೇಬಲ್ಲಿಗೆ ಬಂತು: “ಚಾ ಕುಡಿಯೂನೇನ್ರಿ?” ಕೈ ಚಾಚಿದರೆ ಸಿಗುವ ದೂರ. ಆದರೂ ಇಡೀ ಸ್ಟಾಫ್ ಬಂದು ನೋಡಿತ್ತು!

ಸರ್ವರ್ ತನ್ನ ಕೆಲಸವನ್ನೆಲ್ಲ ಬರೆದಿಡುವ ಲಾಗ್ ತೆಗೆದೆ. ಸಾಲುಸಾಲಿಗೂ ‘ಕನೆಕ್ಷನ್ ಟೈಮ್ಡ್ ಔಟ್’, ಕರೆದರೆ ಹೊರಗಿನವರು ಓಗೊಡುತ್ತಿಲ್ಲ.

“ಇಂಟರ್ನೆಟ್ ಲೈನ್ ಏನರೆ ಬದಲಿ ಮಾಡೀರೇನು?”

“ಸೋಮವಾರ ಹೊಸಾ ಫೈಬರ್ ಹಾಕಿಸೇವ್ರಿ.”

ರೋಗ ಸಿಕ್ಕಿತು. ನಮ್ಮ ಸರ್ವರ್ ಹಳೆಯ ರೂಢಿಯಂತೆ ತಾನೇ ನೇರವಾಗಿ ಹೊರಗೆ ಹೊರಡುತ್ತಿತ್ತು. ಹೊಸ ಲೈನಿನವರು ಅದು ಹೊರಬೀಳುವ ಬಾಗಿಲು, ಆ ಪೋರ್ಟ್, ಮುಚ್ಚಿದ್ದರು. ಇನ್ನು ಮೇಲನ್ನು ಹೊರಗಿನ ಒಂದು ರಿಲೇ ಸರ್ವರಿನ ಕೈಗೆ ಕೊಡಬೇಕು, ಅದು ಮುಂದೆ ಸಾಗಿಸುತ್ತದೆ. ಅದಕ್ಕೂ ಯೂಸರ್‌ನೇಮ್, ಪಾಸ್‌ವರ್ಡ್ ಹೇಳಬೇಕು. (ಒಂದು ಕಾಲದಲ್ಲಿ ಯಾವ ಸರ್ವರ್ ಬೇಕಾದರೂ ಯಾರ ಮೇಲನ್ನಾದರೂ ಕೇಳದೆ ಹೊತ್ತೊಯ್ಯುತ್ತಿತ್ತು. ಎಂಥ ಕಾಲ!)

ಸೆಟ್ಟಿಂಗ್ ಬದಲಿಸಿದೆ. ಇನ್ನೇನು ಎಂಟರ್ ಒತ್ತಬೇಕು, ಮೇಡಂ ನನ್ನ ಕೈ ತಡೆದರು.

“ಈಗ ಸೋಮವಾರದಿಂದ ನಿಂತದ್ದೆಲ್ಲಾ ಹೋಗ್ತಾವೇನ್ರಿ?”

“ಎಲ್ಲಾ.”

ಮೇಡಂ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಅದರಾಗ ನಂದೊಂದು ರಾಜೀನಾಮಿ ಐತ್ರಿ. ತಗದ್ ಬಿಡ್ರಿ.”

ಸೋಮವಾರ ಲ್ಯಾಬ್ ಟೈಮ್‌ಟೇಬಲ್ಲಿನ ಮೇಲೆ ಪ್ರಿನ್ಸಿಪಾಲರ ಜೊತೆ ಜಗಳವಾಗಿತ್ತಂತೆ. ಸಿಟ್ಟಿನಲ್ಲಿ ಆಡಳಿತ ಮಂಡಳಿಗೆ ಆ ರಾಜೀನಾಮೆ ಮೇಲ್ ಕಳಿಸಿದ್ದರು. ಮರುದಿನ ಮೇಡಂ ಅವರ ತಾಯಿಗೆ ಎದೆನೋವು ಬಂದಾಗ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದವರು ಅದೇ ಪ್ರಿನ್ಸಿಪಾಲರು. ತಾಯಿ ಈಗ ಆರಾಮ. ಸಿಟ್ಟು ಎಲ್ಲಿಯದು?

ಅಳಿಸಿದೆ. ಮೇಡಂ ಚಹಾ ತರಿಸಲು ಹೋದರು. ಹಿಂದೆಯೇ ಪ್ರಿನ್ಸಿಪಾಲರು ಬಂದು ಬಾಗಿಲು ಮುಂದೆ ಮಾಡಿದರು.

“ಸರ್ರ, ನಂದೊಂದು ಮೇಲ್ ಸಿಕ್ಕೊಂಡೈತಿ. ಮಂಡಳಿಗೆ ಬರದದ್ದು. ಮೇಡಂ ಮ್ಯಾಲೆ ಕಂಪ್ಲೇಂಟ್.” ಕಿವಿಯ ಹತ್ತಿರ ಬಾಗಿ, “ಅವರಿಗೆ ಹೇಳಬ್ಯಾಡ್ರಿ ಮತ್ತ.”

ನಗು ತಡೆದುಕೊಂಡೆ. ಒಬ್ಬರ ರಾಜೀನಾಮೆ, ಇನ್ನೊಬ್ಬರ ದೂರು. ಒಂದೇ ಕ್ಯೂದಲ್ಲಿ, ಹಿಂದೆ ಮುಂದೆ! ಎರಡೂ ಹೋಗಿದ್ದರೆ? ಮಂಡಳಿಯವರು ದೂರು ಓದಿ ರಾಜೀನಾಮೆಯನ್ನು ಕಣ್ಣುಮುಚ್ಚಿ ಒಪ್ಪಿಬಿಡುತ್ತಿದ್ದರು.

ಎರಡನೆಯದನ್ನೂ ಅಳಿಸಿ ಎಂಟರ್ ಒತ್ತಿದೆ. ಮಾರ್ಕ್ಸ್ ಹೋದವು. ಸ್ವಲ್ಪ ಹೊತ್ತಿಗೆ ಯೂನಿವರ್ಸಿಟಿಯಿಂದ ‘ತಲುಪಿದೆ’ ಎಂಬ ಉತ್ತರವೂ ಬಂತು.

ಚಹಾದ ಜೊತೆ ಮಿರ್ಚಿ ಭಜಿ ಬಂತು. “ಮೇಡಂ ಇಲ್ಲಂದ್ರ ಈ ಡಿಪಾರ್ಟ್‌ಮೆಂಟ್ ನಡಿಯೂದಿಲ್ರಿ,” ಎಂದರು ಪ್ರಿನ್ಸಿಪಾಲರು. “ನಮ್ಮ ಪ್ರಿನ್ಸಿಪಾಲ್ ಸರ್ ಯಾರ ಮ್ಯಾಲೂ ಒಂದ್ ಕಂಪ್ಲೇಂಟ್ ಬರದವರಲ್ರಿ,” ಎಂದರು ಮೇಡಂ. ನಾನು ಇಡೀ ಭಜಿಯನ್ನು ಬಾಯಿಗೆ ತುರುಕಿಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ನೆನಪಾದ. ಹೊರ್ತಿ ಊರಿನಲ್ಲಿ ಸಾಲಿ ಮಾಸ್ತರನಾಗಿದ್ದ. ಅಕ್ಕನ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬರಲಿಲ್ಲವೆಂದು ಸಿಂದಗಿಯಲ್ಲಿದ್ದ ತನ್ನ ತಮ್ಮನಿಗೆ, ನಮ್ಮ ಕಾಕಾನಿಗೆ, ‘ನಿನಗೂ ನಮಗೂ ಸಂಬಂಧ ಮುಗೀತು’ ಎಂದು ಇನ್‌ಲ್ಯಾಂಡ್ ಪತ್ರ ಬರೆದು ಪೋಸ್ಟ್ ಡಬ್ಬಿಗೆ ಹಾಕಿ ಬಂದಿದ್ದ. ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಸಿಟ್ಟು ಇಳಿದಿತ್ತು. ಪೋಸ್ಟಿನ ಕಟ್ಟೆಯ ಮೇಲೆ ಹೋಗಿ ಕೂತ. ನಾನೂ ಬೆನ್ನು ಹತ್ತಿದ್ದೆ. ಸಂಜೆ ಡಬ್ಬಿ ತೆರೆದ ಪೋಸ್ಟ್‌ಮ್ಯಾನ್ ಅಪ್ಪನ ಮುಖ ನೋಡಿದ.

“ಹಾಕಿದ್ದು ತಿರುಗಿ ಕೊಡಾಕ ಬರೂದಿಲ್ರಿ ಮಾಸ್ತರ, ಕಾಯ್ದೆ ಐತಿ.” ಆಮೇಲೆ ಚೀಲ ಅಲ್ಲೇ ಇಟ್ಟು, “ನಾ ಇಷ್ಟು ಕೈಕಾಲಾ ತೊಳಕೊಂಡು ಬರ್ತೇನಿ,” ಎಂದು ಹಿತ್ತಲಿಗೆ ಹೋದ. ಅವನು ಬರುವಷ್ಟರಲ್ಲಿ ಇನ್‌ಲ್ಯಾಂಡ್ ಅಪ್ಪನ ಕಿಸೆಯಲ್ಲಿತ್ತು.

ಮುಂದಿನ ವಾರ ಕಾಕಾ ತಾನಾಗಿಯೇ ಬಂದ, ಚೀಲ ತುಂಬ ಇಂಡಿ ಪೇಟೆಯ ಲಿಂಬೆಹಣ್ಣು ತಂದ. ಕುಬಸದ ದಿನ ಬಸ್ ತಪ್ಪಿತ್ತಂತೆ, ಅಷ್ಟೇ.

ಈಗ ನಮ್ಮ ಮೇಲ್ ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುತ್ತದೆ. ಸರಿ, ಸಿಟ್ಟು ಇಳಿಯುವ ಸ್ಪೀಡ್ ಹೆಚ್ಚಿಸುವ ಸೆಟ್ಟಿಂಗ್ ಎಲ್ಲಿದೆ?