ಸಿಡೀತು, ಸಿಡೀತಂತ

ಸಿಂದಗಿ ಬಸ್ ನಿಲ್ದಾಣದ ಪಕ್ಕದ ಗ್ಯಾರೇಜಿನಲ್ಲಿ ಒಬ್ಬಾತ ಬೈಕಿನ ಚೈನನ್ನು ತಗಡಿನ ತಟ್ಟೆಯಲ್ಲಿಟ್ಟು ಚಿಮಣಿ ಎಣ್ಣೆಯಿಂದ, ಎಂದರೆ ಸೀಮೆಎಣ್ಣೆಯಿಂದ, ತೊಳೆಯುತ್ತಿದ್ದ. ಈಗ ಮನೆಗಳಲ್ಲಿ ಆ ವಾಸನೆ ಇಲ್ಲ. ನಿಮಗೆ ನೆನಪಿದ್ದರೆ, ಅದು ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ. ಕಾಲೇಜಿಗೆ ಪಾಠ ಮಾಡಲು ಹೊರಟಿದ್ದ ನಾನು ಅಲ್ಲೇ ನಿಂತೆ. ನಮ್ಮೂರು ಲಚ್ಯಾಣದ ಹಳೆಯ ಅಡುಗೆಮನೆ ಕಣ್ಣೆದುರು ಬಂತು: ಮಣ್ಣಿನ ಗೋಡೆಯ ತಂಪು, ಹೊಗೆಗೆ ಕಪ್ಪಾದ ಗೂಡು, ಜೋಳದ ಹಿಟ್ಟಿನ ಘಮ, ರೊಟ್ಟಿ ಬಡಿಯುವ ಸದ್ದು, ಮೂಲೆಯಲ್ಲಿ ಬುಸುಗುಡುತ್ತ ನೀಲಿಯಾಗಿ ಉರಿಯುವ ಹಿತ್ತಾಳೆಯ ಪಂಪ್ ಸ್ಟವ್. ಒಲೆ ಆಯಿಯದು, ಎಂದರೆ ನನ್ನ ಅಪ್ಪನ ತಾಯಿಯದು. ಸ್ಟವ್ ಕಾಕುವಿನದು, ಎಂದರೆ ಚಿಕ್ಕಪ್ಪನ ಹೆಂಡತಿಯದು. ಅತ್ತೆ ಸೊಸೆ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂತು ಅಡುಗೆ ಮಾಡುತ್ತಿದ್ದರು, ಹಾಗೆಯೇ ಕೂತು ಜಗಳವನ್ನೂ ಆಡುತ್ತಿದ್ದರು.

ಆ ಸ್ಟವ್ ಒಂದು ಬೆಳಿಗ್ಗೆ ಸಿಡಿಯಿತು. ನನಗಾಗ ಆರು ವರ್ಷ, ಏಳೂ ಇರಬಹುದು. ಹೊರಗೆ ಕಟ್ಟೆಯ ಮೇಲೆ ಬರೆಯುವ ಪಾಟಿ ಹಿಡಿದು ಕೂತಿದ್ದೆ. ಒಳಗೆ ಜಗಳ ನಡೆದಿತ್ತು, ಆಯಿ "ನಿನ್ನ ಸುಡ್ಲಿ" ಅಂದಳು, ಆಮೇಲೆ ಆ ಸದ್ದು. ಬೇವಿನ ಮರದ ಗುಬ್ಬಿಗಳೆಲ್ಲ ಒಮ್ಮೆಲೇ ಎದ್ದವು. ನನ್ನ ನೆನಪಿನಲ್ಲಿ ಇವು ಇದೇ ಕ್ರಮದಲ್ಲಿವೆ. ಆದರೆ "ನಿನ್ನ ಸುಡ್ಲಿ" ಎಂಬುದನ್ನು ಆಯಿ ಕೋಳಿಗೂ ಅನ್ನುತ್ತಿದ್ದಳು, ತಡವಾಗಿ ಬಂದ ಬಸ್ಸಿಗೂ ಅನ್ನುತ್ತಿದ್ದಳು, ತಲೆ ಬಾಚಿಸಿಕೊಳ್ಳದೆ ಓಡುವ ನನಗೂ. ಆ ದಿನವೇ ಅಂದಳೋ, ಹಿಂದಿನ ದಿನ ಅಂದದ್ದನ್ನು ನಾನು ತಂದು ಅಲ್ಲಿ ಇಟ್ಟೆನೋ, ಇವತ್ತಿಗೂ ಹೇಳಲಾರೆ. ಕಾಕುವನ್ನು ಟೆಂಪೋದಲ್ಲಿ ಇಂಡಿ ಪಟ್ಟಣದ ದವಾಖಾನೆಗೆ ಒಯ್ದರು. ಅವಳು ಬದುಕಿ ಬಂದಳು. ಎಡಗೈ ಮತ್ತು ಕುತ್ತಿಗೆಯ ಚರ್ಮ ಮಾತ್ರ ಸುಕ್ಕಾಗಿಯೇ ಉಳಿಯಿತು.

ನಮ್ಮ ಕಡೆ ಈ ಸಿಡಿತಕ್ಕೆ ಎರಡು ಅರ್ಥ. "ಸ್ಟವ್ ಸಿಡೀತು" ಅಂದರೆ ಸ್ಟವ್ ಸಿಡಿಯಿತು, ಅಷ್ಟೆ. "ಸ್ಟವ್ ಸಿಡೀತಂತ" ಎಂದು ದನಿ ಇಳಿಸಿ ಅಂದರೆ ಆ ಮನೆಯವರು ಸೊಸೆಗೆ ಏನೋ ಮಾಡಿದ್ದಾರೆ ಎಂದರ್ಥ. ಎರಡನೆಯದರಲ್ಲಿ ಒಂದು "ಅಂತ" ಮಾತ್ರ ಹೆಚ್ಚು. ಪಠ್ಯಪುಸ್ತಕದಲ್ಲಿ ಸ್ಫೋಟಕ್ಕೆ ಕಾರಣ ಮುಚ್ಚಿದ ಪಾತ್ರೆ, ಒಳಗಿನ ಒತ್ತಡ, ಹೊರದಾರಿ ಇಲ್ಲದಿರುವುದು. ಊರಿನ ಬಾವಿಕಟ್ಟೆಯಲ್ಲಿ ಕಾರಣ ಯಾವಾಗಲೂ ಒಬ್ಬ ಮನುಷ್ಯ. ಅಲ್ಲಿ ನಮ್ಮ ಮನೆಯ ಬಗ್ಗೆ ಹೆಂಗಸರು "ಸಿಡೀತಂತ" ಅಂದದ್ದನ್ನು ನಾನು ಕೇಳಿದ್ದೆ. ಆಗ ತಿಳಿಯಲಿಲ್ಲ. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ, ಹೀಗೆ "ಸ್ಟವ್ ಸಿಡಿದು" ಸತ್ತ ಸೊಸೆಯರ ಬಗ್ಗೆ ಓದುತ್ತ ಕೂತಾಗ ತಿಳಿಯಿತು. ಆ ದಿನ ಡೈರಿಯಲ್ಲಿ ಒಂದೇ ಸಾಲು ಬರೆದೆ: ಆಯಿ ಬೆಂಕಿ ಹಚ್ಚಿದಳೆ? ಆಮೇಲೆ ಊರಿಗೆ ಹೋಗುವುದು ಕಡಿಮೆಯಾಯಿತು. ಹೋದರೂ ಅವಳು ಬಡಿದ ರೊಟ್ಟಿ ನನಗೆ ಇಳಿಯುತ್ತಿರಲಿಲ್ಲ. ಅವಳು ತೀರಿಕೊಂಡಾಗ ಎಲ್ಲರೂ ಅತ್ತರು. ನಾನು ಗೋಡೆಗೆ ಆತು ನಿಂತು, ಕಾಕು ಅಳುತ್ತಿರುವುದು ನಿಜವೋ ನಟನೆಯೋ ಎಂದು ನೋಡುತ್ತಿದ್ದೆ.

ಗ್ಯಾರೇಜಿನ ಮುಂದೆ ನಿಂತವಳು ಆ ದಿನ ಕಾಲೇಜಿಗೆ ಹೋಗಲಿಲ್ಲ. ಇಂಡಿ ಬಸ್ ಹತ್ತಿದೆ. ಕಾಕು ಈಗ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಅಂಗಳದಲ್ಲಿ ನಿಂಬೆಹಣ್ಣಿನ ರಾಶಿ ಹಾಕಿಕೊಂಡು ದಪ್ಪ ಹಣ್ಣು ಬೇರೆ, ಸಣ್ಣ ಹಣ್ಣು ಬೇರೆ ಆರಿಸುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಚಹಾ ಆಯಿತು, ಮಾತು ಆಯಿತು. ಕೊನೆಗೆ ಕೇಳಿಯೇಬಿಟ್ಟೆ.

"ಕಾಕು, ಆವತ್ತ ಸ್ಟವ್ ಖರೇನ ಸಿಡದಿತ್ತೇನು?"

"ಮತ್ತೇನ್ ಸುಳ್ಳ ಸಿಡಿತೈತೇನ್ ಅದು?" ಅಂದವಳು ನನ್ನ ಮುಖ ನೋಡಿದಳು. ಕೈ ನಿಂತಿತು. "ಓಹೋ. ಕಾಲೇಜಿನ ಬಾಯಾರು ಇದನ್ನ ಕೇಳಾಕ ಬಂದಾರ."

ನಾನು ತಲೆ ತಗ್ಗಿಸಿದೆ.

"ಸಿಡೀತು," ಅಂದಳು. "ಸ್ಟವ್ ರಿಪೇರಿಯಾಂವ ಗಾಳಿ ಹೋಗೋ ತೂತಿಗೆ ಬೆಸುಗಿ ಬಡದು ಮುಚ್ಚಿಬಿಟ್ಟಿದ್ದ, ಸೋರತೈತಿ ಅಂತ. ಉರಿ ಏಳವಲ್ದು. ಪಿನ್ ಹಾಕಿ ಕಸಾ ತಗೀಬೇಕು, ನನಗ ಬ್ಯಾಸರ. ಪಂಪ್ ಹೊಡದೆ, ಹೊಡದ ಹೊಡದೆ. ನಿಮ್ಮ ಆಯಿ ಹಿತ್ತಲದಾಗ ಇದ್ಲು. ಓಡಿ ಬಂದು ಕೌದಿ ಹೊಚ್ಚಿ ಬರೇ ಕೈಲೇ ಬಡದು ಆರಿಸಿದ್ಲು. ಒಂದ್ ತಿಂಗಳ ರೊಟ್ಟಿ ಬಡೀಲಿಲ್ಲ ಆಕಿ. ದವಾಖಾನ್ಯಾಗ ಪೊಲೀಸರೂ ನಿನ್ನಂಗ ಕೇಳಿದ್ರು. ಯಾರೂ ನಂಬಲಿಲ್ಲ."

ಹಿತ್ತಲು. ಹಾಗಾದರೆ ಒಳಗಿನ ಜಗಳ ನಾನು ಕೇಳಿದ್ದು ಯಾವ ದಿನದ್ದು? ಆದರೂ ನನ್ನ ಸಂಶಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. "ಹೆದರಿ ಹೇಳಾಕತ್ತಿಲ್ಲಲ್ಲ ನೀನು?" ಅಂದೆ.

ಕಾಕು ನಕ್ಕಳು. "ಯಾರಿಗೆ ಹೆದರ್ಲಿ, ಸತ್ತಾಕಿಗೆ? ಇದ್ದಾಗನ ಹೆದರಿಲ್ಲ. ನಿಮ್ಮ ಆಯಿ ಕೆಟ್ಟಾಕೀನ ಇದ್ಲು ತಗೋ. ನಾ ಮಾಡಿದ್ದ ಸಾರಿಗೆ ಉಪ್ಪಿಲ್ಲ ಖಾರಿಲ್ಲಂತ ಹೆಸರಿಡ್ತಿದ್ಲು, ನನ್ನ ತವರಮನೀಗಿ ಬೈತಿದ್ಲು. ಬೈಯಾಕಿ ಇದ್ಲು, ಸುಡಾಕಿ ಅಲ್ಲ."

ಆ ಮಾತಿನಿಂದ ನನ್ನೊಳಗೆ ಎಷ್ಟೋ ವರ್ಷಗಳಿಂದ ಬಿಗಿದಿದ್ದದ್ದು ಸಡಿಲವಾಯಿತು. ಒಳ್ಳೆಯವಳೆಂದು ಹೊಗಳಿದ್ದರೆ ನಂಬುತ್ತಿರಲಿಲ್ಲ. ಕೂಡಲೇ ಇನ್ನೊಂದು ನೆನಪಾಯಿತು: ತಲೆಗೆ ಎಣ್ಣೆ ಹಚ್ಚುವಾಗ ಆಯಿಯ ಅಂಗೈ ಸುಟ್ಟ ಚರ್ಮದ ಹಾಗೆ ಗೆರೆಯಿಲ್ಲದೆ ನುಣುಪಾಗಿತ್ತಲ್ಲವೇ? ಕಾಕುವಿಗೆ ಹೇಳಿದೆ.

"ನುಣ್ಣಗೆಲ್ಲಿಂದ ಬಂತು? ಕಟಗೀ ಹಂಗ ದೊರಗ ಇತ್ತು," ಅಂದಳು. "ಏನರೇ ಒಂದ್ ಹುಟ್ಟಿಸ್ತಿ ನೀನು."

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಅದಕ್ಕ ನೀ ಊರಿಗೆ ಬರೂದ ಬಿಟ್ಟಿದ್ದೇನು?" ನಾನು ಹೌದೆಂದೆ. "ಆ ಹುಡಿಗೀಗಿ ಓದೂದ ಭಾಳ ಐತೇನ ಅಂತ ಕೇಳತಿದ್ಲು ಆಕಿ. ಭಾಳ ಐತಿ ಅಂತಿದ್ದೆ ನಾನು." ಅಷ್ಟು ಹೇಳಿ ಮತ್ತೆ ಹಣ್ಣು ಆರಿಸತೊಡಗಿದಳು.

ತಿರುಗಿ ಸಿಂದಗಿಗೆ ಹೊರಟ ಬಸ್ಸಿನಲ್ಲಿ ನನ್ನ ಮೈ ಹಗುರವಾಗಿತ್ತು. ಆ ಹಗುರಕ್ಕೆ ಸ್ವಲ್ಪ ನಾಚಿಕೆಯೂ ಆಯಿತು, ಏಕೆಂದರೆ ನಾನು ಯಾರ ಕ್ಷಮೆ ಕೇಳಬೇಕೋ ಅವಳೇ ಇಲ್ಲ, ಆ ಅಡುಗೆಮನೆ ಬಿದ್ದುಹೋಗಿ ಅಲ್ಲಿ ಬೇರೆಯವರ ಗೋಡೆ ಎದ್ದಿದೆ. ಇಷ್ಟು ವರ್ಷ ಆಯಿ ನೆನಪಾದಾಗಲೆಲ್ಲ ನಾನು ಎದ್ದು ಬೇರೆ ಕೆಲಸ ಹಿಡಿಯುತ್ತಿದ್ದೆ. ಬಸ್ಸಿನಲ್ಲಿ ಎದ್ದು ಹೋಗಲು ಜಾಗವಿರಲಿಲ್ಲ, ಹೋಗಬೇಕೆನಿಸಲೂ ಇಲ್ಲ. ಹೊರಗೆ ಕಬ್ಬಿನ ಹೊಲಗಳು ಹಿಂದೆ ಸರಿಯುತ್ತಿದ್ದವು. ಆಯಿ ಕಣ್ಣೆದುರು ಬಂದಳು. ಬಿಸಿ ರೊಟ್ಟಿಯೊಳಗೆ ಶೇಂಗಾ ಚಟ್ನಿಪುಡಿ ಸುತ್ತಿ ನನ್ನ ಕೈಗಿಟ್ಟು, ನಾನು ಶಾಲೆಯ ತಿರುವು ದಾಟುವವರೆಗೆ ಬಾಗಿಲಲ್ಲಿ ನಿಂತು ಏನೋ ಬೈಯುತ್ತಿದ್ದಳು. ಬೈದದ್ದೇನು ಎಂಬುದು ನೆನಪಿಲ್ಲ, ನಿಂತದ್ದು ನೆನಪಿದೆ. ಇದೊಂದನ್ನು ಯಾರ ಹತ್ತಿರವೂ ಕೇಳಿ ಖಾತ್ರಿ ಮಾಡಿಕೊಳ್ಳಬೇಕೆನಿಸಲಿಲ್ಲ.