ಯಾರ ಮಗ ನೀನು

ಹಾಸ್ಟೆಲು ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಎತ್ತುವ ಹಾಗೇ ಇರಲಿಲ್ಲ. ಮಗಳು ಎರಡನೇ ಪಿಯುಸಿ. ಮೈಸೂರಿಗೆ ಹೋಗಿ ಡಿಗ್ರಿ ಓದಬೇಕು ಅನ್ನುವುದು ಅವಳ ಹಟ. ನಮ್ಮ ಯಜಮಾನರದು ಒಂದೇ ಉತ್ತರ. "ನಾಗಮಂಗ್ಲದಲ್ಲಿ ಕಾಲೇಜಿಲ್ವಾ? ಇಲ್ಲೇ ಓದ್ಲಿ. ಇಲ್ದಿದ್ರೆ ಬುಡ್ಲಿ." ಅದಕ್ಕೆ ಕಾರಣ ಏನು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು, ಬಾಯಿ ಬಿಡುವವರು ಮಾತ್ರ ಯಾರೂ ಇಲ್ಲ. ಅವರಿಗೆ ಒಬ್ಬಳೇ ತಂಗಿ. ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಒಬ್ಬ ಮುಸ್ಲಿಂ ಹುಡುಗನನ್ನು ಮೆಚ್ಚಿ, ಮದುವೆಯಾಗಿ ಹೋಗಿಬಿಟ್ಟಳು. ಆಗ ನಾನಿನ್ನೂ ಆ ಮನೆಗೆ ಹೊಸ ಸೊಸೆ. ಅವತ್ತು ಬಾಗಿಲು ಹಾಕಿಕೊಂಡವರು ಇವರು, ತಂಗಿಯ ಹೆಸರನ್ನು ಮತ್ತೆ ಬಾಯಲ್ಲಿ ಆಡಲಿಲ್ಲ. ಎಲ್ಲಿದ್ದಾಳೆ, ಹೇಗಿದ್ದಾಳೆ, ಯಾರೂ ಕೇಳುವ ಹಾಗಿಲ್ಲ. ಈಗ ಮಗಳು ಅದೇ ಮೈಸೂರು, ಅದೇ ಹಾಸ್ಟೆಲು ಅಂತ ಶುರುಮಾಡಿದ್ದಳು.

ನಾನು ಪ್ರೈಮರಿ ಸ್ಕೂಲಿನ ಟೀಚರು. ಮೊಂಡು ಹುಡುಗರನ್ನು ದಾರಿಗೆ ತರುವುದೇ ನನ್ನ ಕಸುಬು. ಗಂಡನನ್ನೂ ಹಾಗೇ ತರಬಹುದು ಅಂದುಕೊಂಡೆ. ಕ್ರಿಸ್‌ಮಸ್ ರಜಕ್ಕೆ ಎರಡು ದಿನ ಮಕ್ಕಳನ್ನು ಮೈಸೂರು ಸುತ್ತಿಸಿಕೊಂಡು ಬರೋಣ ಅಂತ ಹಿಂದೆ ಬಿದ್ದೆ. ಹೂವು ನೋಡಲಿ, ಬೀದಿ ನೋಡಲಿ, ಹಾಗೇ ಆ ಕಾಲೇಜಿನ ಮುಂದೆಯೂ ಒಂದು ಸುತ್ತು ಹಾಕಲಿ, ಮನಸ್ಸು ತಾನಾಗಿ ಸಡಿಲವಾಗುತ್ತದೆ ಅನ್ನುವುದು ನನ್ನ ಲೆಕ್ಕ. ಮೋಟಾರು ರಿವೈಂಡಿಂಗ್ ಅಂಗಡಿ ಮುಚ್ಚಿ ಬರುವುದಕ್ಕೆ ಅವರು ಒಪ್ಪಿದ್ದೇ ಒಂದು ಪವಾಡ.

ಉಳಿದುಕೊಳ್ಳಲು ರೂಮು ಹುಡುಕಿದ್ದು ಮಗಳು. ಮೈಸೂರಿನಲ್ಲಲ್ಲ, ಶ್ರೀರಂಗಪಟ್ಟಣದಲ್ಲಿ, ಹೊಳೆ ಪಕ್ಕ. ಇವರು ಬಾಯಲ್ಲಿದ್ದ ಕಾಫಿ ನುಂಗಲಿಲ್ಲ.

"ಪಟ್ಣದಲ್ಲಾ? ಅಸ್ತಿ ಬುಡಕ್ಕೆ ಓಗೋ ಊರು ಕಣಮ್ಮಿ ಅದು! ರಜ ಕಳಿಯಕ್ಕೆ ಯಾರ್ ಓಯ್ತಾರೆ ಅಲ್ಲಿಗೆ?"

"ಮೈಸೂರಲ್ಲಿ ಎಲ್ಲಾ ಕಡೆ ರೂಮ್ ಫುಲ್ಲಾಗಿದೆ ಅಪ್ಪ. ಅಲ್ಲಿಂದ ಮೈಸೂರಿಗೆ ಅರ್ಧ ಗಂಟೆ ಅಷ್ಟೆ," ಅಂದಳು ಮಗಳು, ಮುಖ ತೋರಿಸದೆ.

ನನಗೂ ವಿಚಿತ್ರ ಅನ್ನಿಸಿತು. ಆದರೆ ಹೊರಟಿದ್ದೇ ದೊಡ್ಡದು, ಇನ್ನು ರೂಮಿನ ತಕರಾರು ಯಾಕೆ ಅಂತ ಸುಮ್ಮನಾದೆ.

ಬೆಳಿಗ್ಗೆ ಮಂಜು ಬಿಡುವ ಮುಂಚೆ ಹೊರಟೆವು. ಪಾಂಡವಪುರದ ರಸ್ತೆಯ ತುಂಬ ಕಬ್ಬಿನ ಟ್ರಾಕ್ಟರುಗಳು. ನಮ್ಮ ಹಳೇ ಓಮ್ನಿ ಅವುಗಳ ಹಿಂದೆ ಆಮೆಯ ಹಾಗೆ ತೆವಳುತ್ತಿತ್ತು. ಯಜಮಾನರು ಅಪರೂಪಕ್ಕೆ ಖುಷಿಯಲ್ಲಿದ್ದರು. ಮುಂದಿನ ಟ್ರೇಲರಿನಿಂದ ಒಂದು ಜಲ್ಲೆ ಎಳೆದುಕೋ ಅಂತ ಮಗನನ್ನು ರೇಗಿಸಿದರು. ಹತ್ತನೇ ಕ್ಲಾಸಿನ ಆ ಮಹಾರಾಯನಿಗೆ ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಮೊಬೈಲು, ಲೋಕದ ಹಂಗೇ ಇಲ್ಲ. ಒಂದೇ ಸಮ ಯಾರಿಗೋ ಮೆಸೇಜು ಒತ್ತುತ್ತಿದ್ದ. ಒತ್ತಿ ಅಕ್ಕನ ಕಡೆ ನೋಡುವುದು, ಅಕ್ಕ ಇವನ ಕಡೆ ನೋಡುವುದು. ಮನೆಯಲ್ಲಿ ಚಾರ್ಜರಿಗೆ ಕಿತ್ತಾಡುವ ಇವರಿಬ್ಬರೂ ಇಷ್ಟು ಒಂದಾದದ್ದು ಯಾವಾಗ ಅಂತ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಆ ಹುಡುಗನನ್ನು ನಾನು ಮೊದಲು ನೋಡಿದ್ದು ಅರಮನೆ ಮೈದಾನದ ಫಲಪುಷ್ಪ ಪ್ರದರ್ಶನದಲ್ಲಿ. ಸೇವಂತಿಗೆಯ ಸಾಲುಗಳ ಆಚೆ ನಿಂತಿದ್ದ. ಮೆರೂನ್ ಬಣ್ಣದ ಸ್ವೆಟರು, ಚಿಗುರು ಮೀಸೆ, ನನ್ನ ಮಗಳದೇ ವಯಸ್ಸು. ಎಲ್ಲರೂ ಹೂವು ನೋಡುತ್ತಿದ್ದರೆ ಇವನು ನಮ್ಮ ಕಡೆಯೇ ನೋಡುತ್ತಿದ್ದಾನೆ. ನಾನು ತಿರುಗಿ ನೋಡಿದ ತಕ್ಷಣ ತಲೆ ತಗ್ಗಿಸಿದ. ಇರಲಿ, ವಯಸ್ಸಿನ ಹುಡುಗ, ಚೆಂದದ ಹುಡುಗಿ ಕಂಡರೆ ನೋಡುತ್ತಾನೆ ಅಂತ ಮುಂದೆ ನಡೆದೆ. ಸ್ವಲ್ಪ ಹೊತ್ತಿಗೆ ಚುರುಮುರಿ ಗಾಡಿಯ ಹತ್ತಿರ ಮತ್ತೆ ಅದೇ ಮೆರೂನ್ ಸ್ವೆಟರು. ಈ ಸಲ ಮಗಳು ಅವನನ್ನು ನೋಡಿ ಸಣ್ಣಗೆ ತಲೆ ಆಡಿಸಿದಳು. ನನ್ನ ಕೈಯಲ್ಲಿದ್ದ ಪೊಟ್ಟಣ ಜಾರಿ ಚುರುಮುರಿಯೆಲ್ಲ ನೆಲದ ಪಾಲಾಯಿತು.

ಅಯ್ಯೋ ದೇವರೇ. ಇನ್ನೂ ಹಾಸ್ಟೆಲಿಗೆ ಕಾಲಿಟ್ಟಿಲ್ಲ, ಆಗಲೇ ಇದು! ಅದಕ್ಕೇ ರೂಮು, ಅದಕ್ಕೇ ಶ್ರೀರಂಗಪಟ್ಟಣ, ಅದಕ್ಕೇ ತಮ್ಮನ ಜೊತೆ ಗುಸುಗುಸು. ಇವರ ಕಣ್ಣಿಗೆ ಬಿದ್ದರೆ ಮುಗಿಯಿತು. ಮೈಸೂರಲ್ಲ, ನಾಗಮಂಗಲದ ಕಾಲೇಜೂ ಇಲ್ಲ. ಪರೀಕ್ಷೆ ಮುಗಿದ ಮರುದಿನವೇ ಗಂಡು ನೋಡಲು ಶುರುಮಾಡುತ್ತಾರೆ, ನನ್ನ ಮಾತು ಮೂರು ಕಾಸಿಗೆ ಬಾಳುವುದಿಲ್ಲ. ಅಲ್ಲಿಂದ ಮುಂದೆ ನಾನು ಮೈಸೂರು ನೋಡಲಿಲ್ಲ. ಗಂಡ ಎಡಕ್ಕೆ ತಿರುಗಿದರೆ ಎಡಕ್ಕೆ ಅಡ್ಡ, ಬಲಕ್ಕೆ ತಿರುಗಿದರೆ ಬಲಕ್ಕೆ ಅಡ್ಡ ನಿಲ್ಲುವುದೇ ನನ್ನ ಕೆಲಸವಾಯಿತು. "ಯಾಕಮ್ಮಿ ದಾರಿಗ್ ಅಡ್ಡ ಬತ್ತೀಯ? ಪಿತ್ತ ಗಿತ್ತ ಏರ್ತಾ?" ಅಂತ ಬೈಸಿಕೊಂಡದ್ದೂ ಆಯಿತು.

ಸಂಜೆ ಕಾಲೇಜಿನ ರಸ್ತೆಗೆ ಹೋಗಬೇಕು ಅಂತ ಮೊದಲು ಲೆಕ್ಕ ಹಾಕಿದ್ದವಳು ನಾನೇ. ಈಗ ಅದೇ ಬೇಡವಾಗಿತ್ತು, ಆದರೆ ಮಗ "ಅಪ್ಪ, ಇದೇ ಅಕ್ಕನ ಕಾಲೇಜು ರೋಡು" ಅಂದುಬಿಟ್ಟ. ಯಜಮಾನರು ಗಾಡಿ ನಿಧಾನ ಮಾಡಿ ಗೇಟಿನ ಮುಂದೆ ನಿಲ್ಲಿಸಿದರು. ಕಾಂಪೌಂಡು ನೋಡಿದರು. ಬೀಗ ನೋಡಿದರು. ಮೋಟಾರು ಬಿಚ್ಚಿ ನೋಡುವವರ ಹಾಗೆ ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿ, "ಗೇಟೇನೋ ಭದ್ರವಾಗದೆ. ವಾಚ್‌ಮನ್ನೂ ಅವ್ನೆ," ಅಂದರು.

ಅಷ್ಟು ಸಾಕಿತ್ತು ನನಗೆ. ಅದು ಅವರ ಒಪ್ಪಿಗೆಯ ಮೊದಲ ಮೆಟ್ಟಿಲು ಅಂತ ನನಗೆ ಗೊತ್ತಿಲ್ಲದೆ ಇರುತ್ತದೆಯೇ? ಮಗಳ ಕಣ್ಣು ಅರಳಿದ್ದನ್ನು ಕನ್ನಡಿಯಲ್ಲಿ ಕಂಡೆ. ಅದೇ ಹೊತ್ತಿಗೆ ರಸ್ತೆಯ ಆ ಬದಿಯಲ್ಲಿ ಒಂದು ಸ್ಕೂಟರು ಬಂದು ನಿಂತಿತು. ಮೆರೂನ್ ಸ್ವೆಟರು. "ಹಸಿವು, ಹೊಟ್ಟೆ ಹಸಿವು, ನಡೀರಿ ಮೊದಲು!" ಅಂತ ನಾನು ಕಿರುಚಿಕೊಂಡ ರೀತಿಗೆ ಇವರು ಬೆಚ್ಚಿ ಗಾಡಿ ಮುಂದಕ್ಕೆ ಬಿಟ್ಟರು.

ಶ್ರೀರಂಗಪಟ್ಟಣದ ಲಾಡ್ಜಿಗೆ ಬಂದು ಸೇರಿದ ಮೇಲೆ ಮಗಳನ್ನು ಬಟ್ಟೆ ಒಣಗಿಸುವ ನೆಪದಲ್ಲಿ ತಾರಸಿಗೆ ಎಳೆದುಕೊಂಡು ಹೋದೆ. ರಟ್ಟೆ ಹಿಂಡಿ ಕೇಳಿದೆ.

"ಯಾರೇ ಅವನು?"

ಅವಳು ಬಿಳಿಚಿಕೊಂಡಳು. "ನೀನು ಅಂದ್ಕೊಂಡಂಗಲ್ಲಮ್ಮ."

"ನಾನು ಏನಂದ್ಕೊಂಡಿದೀನಿ ಅಂತ ನಿನಗೆ ಹೇಗೆ ಗೊತ್ತು? ನಿಮ್ಮಪ್ಪ ಇವತ್ತು ಗೇಟು ನೋಡಿ ಒಂದು ಒಳ್ಳೆ ಮಾತಾಡಿದಾರೆ. ಅದನ್ನು ಮಣ್ಣುಪಾಲು ಮಾಡ್ಕೋತೀಯಾ? ನಿನ್ನ ಓದಿಗೆ ನೀನೇ ಕಲ್ಲು ಹಾಕ್ಕೊತೀಯಲ್ಲೇ!"

"ನಾಳೆ ಹೇಳ್ತೀನಿ. ಅಮ್ಮ, ಪ್ಲೀಸ್. ನಾಳೆ ಎಲ್ಲಾ ಹೇಳ್ತೀನಿ," ಅಂದಳೇ ಹೊರತು ಹೆಸರು ಬಾಯಿಬಿಡಲಿಲ್ಲ. ಕಣ್ಣಲ್ಲಿ ನೀರಿತ್ತು, ಭಯವಿತ್ತು, ನಾಚಿಕೆ ಮಾತ್ರ ಇರಲಿಲ್ಲ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

ಬೆಳಿಗ್ಗೆ ಎದ್ದು ನೋಡಿದರೆ ಇಬ್ಬರು ಮಕ್ಕಳ ಹಾಸಿಗೆಯೂ ಖಾಲಿ. ಯಜಮಾನರೂ ಇಲ್ಲ, ವಾಕಿಂಗಿಗೆ ಹೋಗಿದ್ದರು. ಸೀರೆಯ ಮೇಲೆ ಸ್ವೆಟರು ಏರಿಸಿಕೊಂಡು, ಚಪ್ಪಲಿ ಯಾವ ಕಾಲಿಗೆ ಯಾವುದು ಅಂತ ನೋಡದೆ ಹೊಳೆಯ ಕಡೆ ಓಡಿದೆ. ಕಾವೇರಿಯ ಮೇಲೆ ಮಂಜು ಕೂತಿತ್ತು, ಎದುರು ದಡವೇ ಕಾಣುತ್ತಿರಲಿಲ್ಲ. ಮೆಟ್ಟಿಲ ಮೇಲೆ, ಟೀ ಅಂಗಡಿಯ ಪಕ್ಕ, ಮೂವರೂ ನಿಂತಿದ್ದರು. ನನ್ನ ಮಗಳು, ನನ್ನ ಮಗ, ಆ ಮೆರೂನ್ ಸ್ವೆಟರಿನವನು. ಅವನ ಕೆನ್ನೆಗೆ ಒಂದು ಬಿಡಬೇಕು ಅಂತಲೇ ನಾನು ಮೆಟ್ಟಿಲು ಇಳಿದದ್ದು.

ನಾನು ತಲುಪುವ ಮುಂಚೆ ಇನ್ನೊಂದು ಪಕ್ಕದಿಂದ ಯಜಮಾನರು ಬಂದುಬಿಟ್ಟರು. ತಲೆಗೆ ಮಫ್ಲರು, ಕೈಯಲ್ಲಿ ಟೀ ಲೋಟ. ಮಕ್ಕಳ ಜೊತೆ ಹೊಸ ಮುಖ ಕಂಡು ನಗುತ್ತಲೇ ಹತ್ತಿರ ಹೋದರು. ನನ್ನ ಕಾಲು ಅಲ್ಲೇ ನಿಂತುಹೋಯಿತು.

"ಯಾರ್ಲಾ ನೀನು? ಯಾವೂರು? ಯಾರ್ ಮಗ?"

ನಮ್ಮ ಕಡೆ ಹುಡುಗರನ್ನು ಮಾತಾಡಿಸುವುದೇ ಹೀಗೆ. ಬೇರೆ ಯಾರಾದರೂ ಆಗಿದ್ದರೆ ಅಪ್ಪನ ಹೆಸರು, ಊರಿನ ಹೆಸರು ಹೇಳಿ ಮುಗಿಸುತ್ತಿದ್ದರು. ಈ ಹುಡುಗ ಬಾಯಿ ತೆರೆದ, ಮುಚ್ಚಿದ. ನನ್ನ ಮಗನ ಕಡೆ ನೋಡಿದ. ಮಗ ನೆಲ ನೋಡಿದ.

"ಕೇಳ್ತಾ ಇಲ್ವೇನ್ಲಾ? ಯಾರ್ ಮಗ ನೀನು?"

"ನಿಮ್ ತಂಗಿ ಮಗ, ಮಾಮ," ಅಂದ ಹುಡುಗ.

ಯಜಮಾನರು ಹುಡುಗನ ಮುಖವನ್ನು ಒಂದು ಸಲ ನೋಡಿದರು. ಆಮೇಲೆ ಮಗಳ ಕಡೆ ತಿರುಗಿದರು. ಅವರು ಕೂಗಾಡಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ದನಿ ತೀರ ತಗ್ಗಿತ್ತು.

"ಇದಕ್ಕಾ ಇಲ್ಲಿ ರೂಮ್ ಮಾಡಿದ್ದು ನೀನು?"

"ಅಪ್ಪ, ಇವನು ಮೊದಲು ತಮ್ಮಂಗೆ ಇನ್‌ಸ್ಟಾಗ್ರಾಮಲ್ಲಿ ಮೆಸೇಜ್ ಮಾಡಿದ್ದು. ನಾವೇ ಅತ್ತೇನ ನೋಡಬೇಕು ಅಂತ..."

"ಅತ್ತೆ! ಮುಗೀತು ಬುಡು. ಮೈಸೂರೂ ಇಲ್ಲ, ಹಾಸ್ಟೆಲೂ ಇಲ್ಲ. ಓದಿದ್ ಸಾಕು. ಗಾಡಿ ಅತ್ತಿ ಎಲ್ರೂವೆ."

ಮಗಳು ಕಲ್ಲಾಗಿ ನಿಂತಳು. ಇಷ್ಟೆಲ್ಲ ನನ್ನ ಬೆನ್ನ ಹಿಂದೆ ನಡೆಸಿದ ಈ ಎರಡು ಮಕ್ಕಳ ಮೇಲೆ ಸಿಟ್ಟು, ಈ ಗಂಡಸಿನ ಮೇಲೆ ಸಿಟ್ಟು, ಗೇಟು ಭದ್ರವಾಗದೆ ಅಂದ ಮಾತು ನೀರುಪಾಲಾಯಿತಲ್ಲ ಅನ್ನುವ ಸಂಕಟ.

ಆಗ ಆ ಹುಡುಗ ಒಂದು ಹೆಜ್ಜೆ ಮುಂದೆ ಬಂದ.

"ಮಾಮ, ನಮ್ ಅಮ್ಮಿ ಇದನ್ನೇ ಅಂದ್ರು. ನಾನ್ ಬಂದ್ರೆ ಅಣ್ಣ ಆ ಹುಡ್ಗಿ ಓದು ನಿಲ್ಲುಸ್ಬುಡ್ತಾನೆ, ನಾನ್ ಬರಲ್ಲ ಅಂದ್ರು. ಇವ್ರಿಬ್ರು ಎಷ್ಟ್ ಕರದ್ರೂ ಬರ್ಲಿಲ್ಲ. ಅವರು ಯಾರ ಜೊತೇಲೂ ಮಾತಾಡಕ್ಕೆ ನನ್ನ ಕಳಿಸ್ಲಿಲ್ಲ. ಸುಮ್ನೆ ದೂರದಿಂದ ನಿಮ್ಮನ್ನ ನೋಡ್ಕಂಡ್ ಬಾ ಅಂದಿದ್ರು."

"ನನ್ನ?"

"ಹೂಂ. ಅಣ್ಣ ಹೆಂಗವ್ನೆ, ನೋಡ್ಕಂಡ್ ಬಂದು ಹೇಳು ಅಂದ್ರು. ಅದಕ್ಕೇ ನಿನ್ನೆ ಮೈಸೂರಿಗ್ ಬಂದಿದ್ದೆ."

ನನ್ನ ತಲೆಗೆ ಆಗ ಹೊಳೆಯಿತು. ಹೂವಿನ ಸಾಲಿನ ಆಚೆ, ಚುರುಮುರಿ ಗಾಡಿಯ ಹತ್ತಿರ, ಕಾಲೇಜಿನ ಎದುರು, ಆ ಹುಡುಗ ನನ್ನ ಮಗಳನ್ನು ನೋಡುತ್ತಿರಲಿಲ್ಲ. ಅವಳ ಪಕ್ಕದಲ್ಲಿದ್ದ ಮಾವನನ್ನು ನೋಡುತ್ತಿದ್ದ. ನಾನು ಇಡೀ ದಿನ ಅಡ್ಡ ನಿಂತು ಮರೆ ಮಾಡಿದ್ದು ಅವನು ನೋಡಲು ಬಂದಿದ್ದ ಮುಖವನ್ನೇ.

ಯಜಮಾನರು ಟೀ ಲೋಟವನ್ನು ಕಟ್ಟೆಯ ಮೇಲೆ ಇಟ್ಟರು.

"ಏನ್ ಹೇಳ್ದೆ ಓಗಿ?"

"ತಲೆ ಎಲ್ಲಾ ಬೆಳ್ಳಗಾಗದೆ ಅಂದೆ. ಎಡಗಾಲು ಎಳ್ಕಂಡ್ ನಡೀತಾರೆ ಅಂದೆ. ಅಮ್ಮಿ ಅತ್ಬುಟ್ರು. ನಮ್ಮಣ್ಣಂಗೆ ಕಾಲು ಚೆನ್ನಾಗಿತ್ತಲ್ಲ, ಏನಾಯ್ತು ಅಂತ ಕೇಳ್ತಾನೇ ಇದ್ರು. ನಂಗೊತ್ತಿರ್ಲಿಲ್ಲ."

ಬೋರಿನ ಮೋಟಾರು ಮೇಲೆ ಬಿದ್ದು ಏಟಾದ ಕಾಲು ಅದು. ತಂಗಿ ಹೋದ ಮೇಲೆ ಆದದ್ದು. ಯಜಮಾನರು ಕಾಲು ನೋಡಿಕೊಂಡರು, ಮೆಟ್ಟಿಲ ಮೇಲೆ ಕೂತರು. ಕೂತವರು ಹೊಳೆಯ ಕಡೆ ಮುಖ ಮಾಡಿ, "ಎಲ್ಲವ್ಳೆ?" ಅಂದರು.

"ಇಲ್ಲೇ, ಬಸ್ ಸ್ಟ್ಯಾಂಡಿನ ಹಿಂದೆ. ನಮ್ ಅಬ್ಬಂದು ಗಾಡಿ ಸೀಟ್ ಹೊಲಿಯೋ ಅಂಗಡಿ. ಅದ್ರ ಮೇಲೇ ಮನೆ," ಅಂದ ಹುಡುಗ. ಆಮೇಲೆ ಯಾರನ್ನೂ ಕೇಳದೆ ಫೋನು ತೆಗೆದು, ನಂಬರು ಒತ್ತಿ, ಸ್ಪೀಕರು ಹಾಕಿ, ಮಾವನ ಮುಂದೆ ಹಿಡಿದ. ಇವರು ಫೋನನ್ನು ತಟ್ಟಿ ಹೊಳೆಗೆ ಎಸೆದರೂ ಎಸೆದಾರು.

"ಏನಾಯ್ತೋ?" ಅಂದಿತು ಆ ಕಡೆಯ ದನಿ. ನನಗೆ ಒಂದೇ ಮಾತಿಗೆ ಗುರುತು ಸಿಕ್ಕಿತು, ನಾದಿನಿಯ ದನಿ ಹಾಗೇ ಇತ್ತು.

ಇವರು ಮಾತಾಡಲಿಲ್ಲ. ಹುಡುಗನೂ ಮಾತಾಡಲಿಲ್ಲ. ಆ ಕಡೆಗೆ ಅರ್ಥವಾಗಿರಬೇಕು. "ಅಣ್ಣಾ?" ಅಂದಳು.

ಇವರು ಮಫ್ಲರನ್ನು ಕಿವಿಯಿಂದ ಸರಿಸಿ ಫೋನಿನ ಕಡೆ ಬಾಗಿದರು.

"ಅಣ್ಣಾ, ನೀನು ಮಾತಾಡ್ಬೇಡ ಬುಡು. ಮನೆಗ್ ಬಾ ಅಂತಾನೂ ಕರೆಯಲ್ಲ. ಒಂದೇ ಕೇಳ್ತೀನಿ. ಹುಡ್ಗೀನ ಓದುಸ್ಬುಡು ಕಣಣ್ಣ. ನನ್ ಮೇಲಿನ ಸಿಟ್ಟ ಅದ್ರ ಮೇಲೆ ತೀರುಸ್ಬೇಡ."

ಮಗಳು ನನ್ನ ಪಕ್ಕಕ್ಕೆ ಬಂದು ಕೈ ಹಿಡಿದುಕೊಂಡಳು. ಅವಳ ಬೆರಳು ಮಂಜಿನಷ್ಟು ತಣ್ಣಗಿತ್ತು. ಇವರು ಮಫ್ಲರು ಬಿಚ್ಚಿ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

"ಹೂಂ ಕಣವ್ವ," ಅಂದರು.

ಆ ಕಡೆಯಿಂದ ಅಳುವ ಸದ್ದು ಬಂತು, ಫೋನು ಕಟ್ಟಾಯಿತು. ಇಷ್ಟು ವರ್ಷಕ್ಕೆ ಅಣ್ಣನ ಜೊತೆ ಸಿಕ್ಕ ಎರಡು ಮಾತಿನಲ್ಲಿ ನಮ್ಮ ನಾದಿನಿ ತನಗೆ ಅಂತ ಏನನ್ನೂ ಕೇಳಲಿಲ್ಲ.