ಹೊಗೆ ಕಾಣದ ಚಿಮಣಿಯ ಕೆಳಗೆ ಪುಟ್ಟನಂಜಮ್ಮ

ಬೆಳಗಿನ ಆರು ಗಂಟೆ. ತಮಿಳು ಸೀಮೆಗೆ ಸೇರಿದ ಗಡಿಯೂರು ಪಣಕಹಳ್ಳಿಯ ಅರಿಶಿನ ಬೇಯಿಸುವ ಶೆಡ್ಡಿನಲ್ಲಿ ಪುಟ್ಟನಂಜಮ್ಮ ಕುಕ್ಕುರುಗಾಲಲ್ಲಿ ಕೂತು, ಕಾಳು ಬಿಡಿಸಿ ಚೆನ್ನಾಗಿ ಒಣಗಿಸಿದ ಮುಸುಕಿನ ಜೋಳದ ದಿಂಡುಗಳನ್ನು ಬಾಯ್ಲರಿನ ಒಲೆಗೆ ನಾಲ್ಕು ನಾಲ್ಕಾಗಿ ನೂಕುತ್ತಿದ್ದಾರೆ. ಉಗಿಯ ಒತ್ತಡ ತೋರಿಸುವ ಮುಳ್ಳು ಏರುತ್ತಿದೆ. ಚಿಮಣಿಯ ತುದಿಯಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಅಷ್ಟರಲ್ಲಿ ಫೋನು. ಶೆಡ್ಡಿನ ಪಾಲುದಾರರಲ್ಲಿ ಒಬ್ಬರಾದ ಪುಟ್ಟಬಸಪ್ಪ ತಮ್ಮ ಮನೆಯ ಜಗುಲಿಯಿಂದಲೇ ಚಿಮಣಿ ನೋಡಿ, ಇನ್ನೂ ಎದ್ದಿಲ್ಲವೇ ಎಂದು ಕೇಳುತ್ತಿದ್ದಾರೆ.

"ಎದ್ದು, ಒಂದಂಡೆ ಬೇಯ್ಸಿ ಸುರ್ದೂ ಆಯ್ತು ಕಣಣ್ಣ" ಎಂದು ಫೋನಿಟ್ಟು, ಅವರ ಕೆಲಸ ನೋಡಿ ಬರೆಯಲು ಬಂದ ನನ್ನ ಕಡೆ ತಿರುಗುತ್ತಾರೆ. "ಎರಡು ವರ್ಸದಿಂದ ದಿನಾ ಇದೇ ಸುಪ್ರಭಾತ ಕಣವ್ವ."

ಮೊದಲು ಇಲ್ಲಿನ ಆರು ಮನೆಯವರು ಆರು ಕಡೆ ಕೊಪ್ಪರಿಗೆ ಇಟ್ಟು ಕಾಡಿನ ಸೌದೆ ಉರಿಸುತ್ತಿದ್ದರು. ಪುಟ್ಟನಂಜಮ್ಮ ಹದಿನಾಲ್ಕು ವರ್ಷ ಆ ಕೊಪ್ಪರಿಗೆಗಳ ಬುಡದಲ್ಲೇ ಕೆಮ್ಮಿದವರು. ಬಲಗಣ್ಣಲ್ಲಿ ಈಗಲೂ ನೀರು ಸುರಿಯುತ್ತದೆ. ಆರು ಮನೆಯವರೂ ಸೇರಿ ಒಂದೇ ಬಾಯ್ಲರು ಹಾಕಿಸಿದ ಮೇಲೆ ಸೌದೆ ನಿಂತಿತು, ಕೆಮ್ಮೂ ನಿಂತಿತು. ಸುಗ್ಗಿಯಲ್ಲಿ ದಿನಕ್ಕೆ ಹನ್ನೆರಡು ಹಂಡೆ, ಹಂಡೆಗೆ ಆರು ಚೀಲ ಗೆಡ್ಡೆ, ಮುಕ್ಕಾಲು ಗಂಟೆಯ ಉಗಿ.

ಆದರೆ ಹೊಗೆ ಏಳದೆ ಅರಿಶಿನ ಬೇಯುವುದಿಲ್ಲ ಎಂಬ ನಂಬಿಕೆ ಆರೂ ಮನೆಗಳಲ್ಲಿ ಹಾಗೇ ಉಳಿದಿದೆ. ಕಳೆದ ಸುಗ್ಗಿಯಲ್ಲಿ ಇವರು ಊಟಕ್ಕೆ ಹೋಗಿದ್ದಾಗ ಯಾರೋ ಒಲೆಗೆ ಹಸಿ ಸೌದೆ ತುಂಬಿದರು. ಚಿಮಣಿ ಕರ್ರಗೆ ಕಾರಿತು, ಮಾಲಿನ್ಯ ನಿಯಂತ್ರಣ ಅಧಿಕಾರಿಗಳಿಂದ ನೋಟೀಸು ಬಂತು. ಇವತ್ತು ಮರುತಪಾಸಣೆ. ಮತ್ತೆ ಹೊಗೆ ಕಂಡರೆ ಬಾಯ್ಲರಿಗೆ ಬೀಗ, ಪುಟ್ಟನಂಜಮ್ಮನಿಗೆ ಹಳೆಯ ಕೊಪ್ಪರಿಗೆ.

ಎಂಟು ಗಂಟೆಗೆ ಪುಟ್ಟಬಸಪ್ಪನವರ ಸ್ಕೂಟರು ಬರುತ್ತದೆ. ಹಿಂದೆ ಬೇವಿನ ಹಸಿ ಕೊಂಬೆಗಳ ಕಟ್ಟು. ಅಷ್ಟು ದೂರದಿಂದ ಬರುವ ಅಧಿಕಾರಿಗೆ ಶೆಡ್ಡು ಪಾಳುಬಿದ್ದಂತೆ ಕಂಡರೆ ಮರ್ಯಾದೆಯಲ್ಲ ಎನ್ನುವುದು ಅವರ ವಾದ. ಪುಟ್ಟನಂಜಮ್ಮ ಒಲೆಗೆ ಅಡ್ಡ ನಿಲ್ಲುತ್ತಾರೆ.

"ಒಗೆ ಬತ್ತದಾ ಅಂತ ನೋಡಾಕ್ಕೇ ಅವ್ರು ಬತ್ತಾವ್ರೆ. ನೀವು ಒಗೇನೇ ಒತ್ಕೊಂಡು ಬಂದಿದ್ದೀರಲ್ಲ ಬಸಪ್ಪಣ್ಣ."

ಹಂಡೆಯಿಂದ ಬಿಸಿ ಗೆಡ್ಡೆ ತೆಗೆದು, ಒಂದು ಪರಕೆ ಕಡ್ಡಿಯ ಜೊತೆ ಅವರ ಕೈಗಿಡುತ್ತಾರೆ. ಬೆಂದ ಗೆಡ್ಡೆಯೊಳಗೆ ಕಡ್ಡಿ ಸಲೀಸಾಗಿ ಇಳಿಯುತ್ತದೆ. ಮೂರು ಗೆಡ್ಡೆ ಚುಚ್ಚಿ ನೋಡಿದ ಮೇಲೆ ಪುಟ್ಟಬಸಪ್ಪ ಬಿಚ್ಚಿದ ಹಗ್ಗವನ್ನು ಮತ್ತೆ ಬಿಗಿದು, ಕಟ್ಟನ್ನು ಸ್ಕೂಟರಿನಲ್ಲೇ ಬಿಡುತ್ತಾರೆ.

ಹತ್ತೂವರೆಗೆ ಅಧಿಕಾರಿ ಜೀಪಿನಿಂದ ಇಳಿಯುತ್ತಾರೆ. ತಲೆಯೆತ್ತಿ ಚಿಮಣಿ ನೋಡಿ ತಮಿಳಿನಲ್ಲಿ ಮೊದಲು ಕೇಳುವುದೇ, ಬೆಂಕಿ ಎಷ್ಟು ಹೊತ್ತಿಗೆ ಹಾಕುತ್ತೀರಿ ಎಂದು. ಪುಟ್ಟಬಸಪ್ಪ ಟವೆಲಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಪುಟ್ಟನಂಜಮ್ಮ ದೊಡ್ಡ ಉಸಿರು ಬಿಟ್ಟು ಇನ್ನೊಂದು ಪರಕೆ ಕಡ್ಡಿ ಹುಡುಕುತ್ತಾರೆ.

ಹನ್ನೊಂದಕ್ಕೆ ಅನುಮತಿಯ ಕಾಗದಕ್ಕೆ ಸಹಿ ಬೀಳುತ್ತದೆ. ಅದರಲ್ಲಿ ಆರು ಮಾಲೀಕರ ಹೆಸರಿದೆ, ಬೆಂಕಿ ನೋಡಿಕೊಳ್ಳುವವರ ಹೆಸರಿಗೆ ಜಾಗವಿಲ್ಲ. ಅದನ್ನು ನಾನು ಹೇಳಿದರೆ ಪುಟ್ಟನಂಜಮ್ಮ ಕೈ ಕೊಡವುತ್ತಾರೆ. ಹಾಗಾದರೆ ಏನು ಬೇಕು ಎಂದರೆ, ಪುಟ್ಟಬಸಪ್ಪನವರಿಗೂ ಕೇಳುವಂತೆ ಹೇಳುತ್ತಾರೆ:

"ಈ ಬಾಯ್ಲರ್‌ಗೆ ಒಂದು ಸೀಟಿ ಆಕ್ಸಿಕೊಟ್ರೆ ಸಾಕು. ಇವ್ರ ಮನೇಲೂ ಕುಕ್ಕರ್ ಅದೆ ಕಣವ್ವ. ಕೂಗುದ್ರೆ ಅನ್ನ ಆಯ್ತು ಅಂತ ತಟ್ಟೆ ಇಟ್ಕೊಂಡು ಕೂತ್ಕತ್ತಾರೆ. ಅಲ್ಲೇನು ಒಗೆ ಉಡುಕ್ತಾರಾ?"